ಹನ್ನೊಂದು ಜನರಲ್ಲಿ ಒಬ್ಬನ ದನಿ

1967ರ ಡಿಸೆಂಬರ್ 31. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಊರು. ಉಷ್ಣಾಂಶ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಮೈದಾನದ ಮಣ್ಣು ಹೆಪ್ಪುಗಟ್ಟದಿರಲೆಂದು ಅಡಿಯಲ್ಲಿ ಹೂತಿದ್ದ ವಿದ್ಯುತ್ ತಂತಿಗಳು ಅಂದೇ ಕೈಕೊಟ್ಟಿದ್ದವು. ಲೋಹದ ಸೀಟಿ ತುಟಿಗೆ ಅಂಟಿಕೊಳ್ಳುತ್ತಿದ್ದುದರಿಂದ ತೀರ್ಪುಗಾರರು ಸೀಟಿ ಊದುವುದನ್ನು ಬಿಟ್ಟು ಬಾಯಲ್ಲೇ ಕೂಗಿ ಆಟ ನಿಲ್ಲಿಸುತ್ತಿದ್ದರು.

ಡಲ್ಲಾಸ್ ಕೌಬಾಯ್ಸ್ 17, ಗ್ರೀನ್ ಬೇ ಪ್ಯಾಕರ್ಸ್ 14. ಆಟ ಮುಗಿಯಲು 16 ಸೆಕೆಂಡು ಉಳಿದಿತ್ತು. ಚೆಂಡು ಪ್ಯಾಕರ್ಸ್ ಕೈಯಲ್ಲಿ, ಗುರಿಗೆರೆಯಿಂದ ಎರಡಡಿ ದೂರದಲ್ಲಿ. ಹಿಂದಿನ ಎರಡು ಯತ್ನಗಳಲ್ಲೂ ಚೆಂಡು ಹೊತ್ತು ಓಡಿದವನ ಕಾಲು ಜಾರಿತ್ತು. ತಂಡದ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಕೊನೆಯ ವಿರಾಮ ಪಡೆದು ಅಂಚಿನಲ್ಲಿ ನಿಂತಿದ್ದ ಕೋಚ್ ವಿನ್ಸ್ ಲೊಂಬಾರ್ಡಿ ಅವರ ಬಳಿಗೆ ಹೋದ. ಓಟಗಾರರಿಗೆ ಕಾಲೂರಲು ಆಗುತ್ತಿಲ್ಲ, ತಾನೇ ಚೆಂಡು ಹಿಡಿದು ನುಗ್ಗುವುದಾಗಿ ಹೇಳಿದ. ಹಾಗೇ ಮಾಡು, ಬೇಗ ಮುಗಿಸಿ ಇಲ್ಲಿಂದ ಹೊರಡೋಣ ಎಂಬರ್ಥದ ಮಾತು ಲೊಂಬಾರ್ಡಿ ಅವರಿಂದ ಬಂತು.

ಮೈದಾನಕ್ಕೆ ಮರಳಿದ ಸ್ಟಾರ್ ತನ್ನ ಹತ್ತು ಮಂದಿಗೆ ಇದನ್ನು ಹೇಳಲೇ ಇಲ್ಲ. ಹೇಳಿದ್ದು ಎಂದಿನ ಒಂದು ಸಂಕೇತ. ಅದರ ಪ್ರಕಾರ ಚೆಂಡು ಸಿಗಬೇಕಾದದ್ದು ಚಕ್ ಮರ್ಸೀನ್ ಎಂಬ ಓಟಗಾರನಿಗೆ. ಆತ ಚೆಂಡಿಗಾಗಿ ಮುನ್ನುಗ್ಗಿದರೆ ಸ್ಟಾರ್ ಆಗಲೇ ಅದನ್ನು ಅವಚಿಕೊಂಡು ಜೆರ್ರಿ ಕ್ರೇಮರ್‌ನ ಬೆನ್ನ ಹಿಂದೆ ಗೆರೆಯೊಳಗೆ ಬಿದ್ದಾಗಿತ್ತು. ಗಲಿಬಿಲಿಗೊಂಡ ಮರ್ಸೀನ್ ಎರಡೂ ಕೈ ಮೇಲೆತ್ತಿದ. ಛಾಯಾಚಿತ್ರಗಳಲ್ಲಿ ಅದು ವಿಜಯದ ಸಂಭ್ರಮದಂತೆ ಕಾಣುತ್ತದೆ. ನಿಜದಲ್ಲಿ, ತಾನು ಸ್ಟಾರ್‌ನನ್ನು ಹಿಂದಿನಿಂದ ತಳ್ಳುತ್ತಿಲ್ಲ ಎಂದು ತೀರ್ಪುಗಾರರಿಗೆ ತೋರಿಸಲು ಆತ ಹಾಗೆ ಮಾಡಿದ್ದ. ತಳ್ಳುವುದು ಆಗ ತಪ್ಪು. ಪ್ಯಾಕರ್ಸ್ 21-17ರಿಂದ ಗೆದ್ದಿತು.

ಚೆಂಡನ್ನು ಒದ್ದು ಮೂರು ಅಂಕ ಗಳಿಸಿ ಆಟವನ್ನು ಸಮ ಮಾಡುವ ಸುಲಭದ ದಾರಿ ಅಲ್ಲಿತ್ತು. ನುಗ್ಗಿ ವಿಫಲನಾಗಿದ್ದರೆ ಮತ್ತೊಂದು ಯತ್ನಕ್ಕೆ ಸಮಯವೇ ಇರಲಿಲ್ಲ. ಸೋಲಿನ ಹೊರೆಯಷ್ಟೂ ಒಬ್ಬನ ಹೆಗಲಿಗೆ ಬೀಳುತ್ತಿತ್ತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನದ ಸ್ವರೂಪವೇ ಇದು. ಆತನ ತೋಳಿನ ಬಲದಷ್ಟೇ ಆತನ ಸ್ವಭಾವವನ್ನೂ ಅಲ್ಲಿನ ಜನ ತಲೆಮಾರುಗಳಿಂದ ಚರ್ಚಿಸುತ್ತ ಬಂದಿದ್ದಾರೆ.

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅವರದು ಹೆಚ್ಚಾಗಿ ಕೈಯ ಆಟ. ತಲಾ ಹನ್ನೊಂದು ಮಂದಿ, ನೂರು ಗಜ ಉದ್ದದ ಅಂಗಳ. ಚೆಂಡು ಪಡೆದ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು. ಎದುರಾಳಿಯ ಗುರಿಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಒಂದೊಂದು ಯತ್ನವೂ ಕೆಲವೇ ಸೆಕೆಂಡುಗಳ ಕೋಲಾಹಲ. ಎರಡು ಯತ್ನಗಳ ನಡುವೆ ಆಟಗಾರರು ತಲೆಗೆ ತಲೆ ಕೊಟ್ಟು ವೃತ್ತವಾಗಿ ನಿಲ್ಲುತ್ತಾರೆ. ವಿಕೆಟ್ ಬಿದ್ದಾಗ ನಮ್ಮ ಕ್ರಿಕೆಟಿಗರು ಗುಂಪುಗೂಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ‘ಹಡಲ್’ ಎಂಬ ಈ ಕೂಟದಲ್ಲಿ ಮಾತನಾಡುವವನು ಒಬ್ಬನೇ, ಕ್ವಾರ್ಟರ್‌ಬ್ಯಾಕ್. ಉಳಿದ ಹತ್ತು ಮಂದಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಬಹುತೇಕ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಆತನ ಕೈಗೆ.

ಒಬ್ಬನ ದನಿಗೆ ಇಷ್ಟು ಮಹತ್ವ ತಂದ ಈ ಹಡಲ್‌ನ ಹುಟ್ಟು ಕಿವುಡರ ಕಾಲೇಜೊಂದರಲ್ಲಿ ಆಯಿತು ಎನ್ನುವುದು ಸೋಜಿಗ. ವಾಷಿಂಗ್ಟನ್ ನಗರದ ಗ್ಯಾಲೊಡೆಟ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಪಾಲ್ ಹಬ್ಬರ್ಡ್ ಕೈಸನ್ನೆಯಿಂದ ತಂತ್ರ ತಿಳಿಸುತ್ತಿದ್ದ. ಎದುರಾಳಿಗಳೂ ಕಿವುಡರಾಗಿದ್ದರೆ ಸನ್ನೆ ಅವರಿಗೂ ಅರ್ಥವಾಗುತ್ತಿತ್ತು. ಹಾಗಾಗಿ ಆತ ತನ್ನವರನ್ನು ಸುತ್ತ ನಿಲ್ಲಿಸಿಕೊಂಡು ಮರೆಯಲ್ಲಿ ಸನ್ನೆ ಮಾಡತೊಡಗಿದ. ಇದು 1890ರ ದಶಕದ ಮಾತು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತದ್ದು 1906ರಲ್ಲಿ. ಕ್ವಾರ್ಟರ್‌ಬ್ಯಾಕ್ ಆಟದ ಸೂತ್ರಧಾರನಾದದ್ದು 1940ರ ನಂತರ.

ಆ ಸೂತ್ರಧಾರ ಹೇಗಿರಬೇಕು? 1950ರ ದಶಕದ ಆರಂಭದಲ್ಲಿ ಕೇಳಿದ್ದರೆ ಬಾಬಿ ಲೇನ್‌ನಂತೆ ಎಂಬ ಉತ್ತರ ಬರುತ್ತಿತ್ತು. ಟೆಕ್ಸಸ್‌ನಿಂದ ಬಂದ ಲೇನ್ ಡೆಟ್ರಾಯಿಟ್ ಲಯನ್ಸ್ ತಂಡದ ನಾಯಕ. ರಾತ್ರಿಯೆಲ್ಲ ಕುಡಿತ, ಹಾಡು, ಗೆಳೆಯರ ಕೂಟ; ಹಗಲು ಮೈದಾನ. ಮುಖಕ್ಕೆ ರಕ್ಷಾಕವಚ ಕಟ್ಟಿಕೊಂಡವನಲ್ಲ. ಎದುರಾಳಿಯನ್ನು ತಡೆಯಲು ತಪ್ಪಿದ ಜೊತೆಗಾರನನ್ನು ಎಲ್ಲರೆದುರು ಗದರಿಸಿ ನೀರಿಳಿಸುತ್ತಿದ್ದ. ಆಟ ಮುಗಿದ ಮೇಲೆ ಅದೇ ಜೊತೆಗಾರನ ಕುಡಿತದ ಖರ್ಚು ಅವನದೇ.

1953ರ ಡಿಸೆಂಬರ್ 27ರ ಅಂತಿಮ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧ ಡೆಟ್ರಾಯಿಟ್ 10-16ರಿಂದ ಹಿಂದಿತ್ತು. ಉಳಿದದ್ದು ನಾಲ್ಕು ನಿಮಿಷ ಚಿಲ್ಲರೆ, ಸಾಗಬೇಕಾದದ್ದು 80 ಗಜ. ನೀವು ತಡೆದು ನಿಲ್ಲಿ, ಗೆಲ್ಲಿಸುವ ಹೊಣೆ ನನ್ನದು ಎಂದು ಲೇನ್ ಹಡಲ್‌ನಲ್ಲಿ ಹೇಳಿದ್ದು ದಂತಕತೆಯಾಗಿದೆ. ಜಿಮ್ ಡೋರನ್‌ಗೆ 33 ಗಜದ ಎಸೆತ, ಮೇಲೊಂದು ಒದೆತದ ಅಂಕ; 17-16. ಲೇನ್ ಎಂದೂ ಸೋತವನಲ್ಲ, ಕೆಲವೊಮ್ಮೆ ಗಡಿಯಾರ ಮೊದಲು ಮುಗಿಯುತ್ತಿತ್ತು ಅಷ್ಟೆ ಎಂದು ಬಾಲ್ಯದ ಗೆಳೆಯ ಡೋಕ್ ವಾಕರ್ ಮುಂದೆ ಹೇಳುತ್ತಿದ್ದ.

ಆದರೆ ಸ್ವಭಾವವೇ ಎಲ್ಲವೂ ಆಗಿದ್ದರೆ ಲೇನ್ ಹೋದಲ್ಲೆಲ್ಲ ಗೆಲ್ಲಬೇಕಿತ್ತು. 1958ರಲ್ಲಿ ಡೆಟ್ರಾಯಿಟ್ ಅವನನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿತು. ಅಲ್ಲಿಯೂ ಅದೇ ಅಬ್ಬರ, ಅದೇ ಗದರಿಕೆ. ಪ್ರಶಸ್ತಿ ಮಾತ್ರ ಒಂದೂ ಬರಲಿಲ್ಲ. ಅತ್ತ ಡೆಟ್ರಾಯಿಟ್‌ಗೂ 1957ರ ನಂತರ ಪ್ರಶಸ್ತಿ ಮರೀಚಿಕೆಯಾಯಿತು. ಅದನ್ನು ಲೇನ್‌ನ ಶಾಪವೆಂದು ಅಲ್ಲಿಯ ಅಭಿಮಾನಿಗಳು ಹೇಳಿಕೊಳ್ಳುವುದುಂಟು.

ಆರು ಡಾಲರ್‌ನ ಆಟಗಾರ

ಲೇನ್ ಪಿಟ್ಸ್‌ಬರ್ಗ್‌ಗೆ ಹೋಗುವ ಮೂರು ವರ್ಷ ಮೊದಲು ಅದೇ ತಂಡ ಒಬ್ಬ ಹುಡುಗನನ್ನು ಬೇಡವೆಂದು ಕಳಿಸಿತ್ತು. ಹೆಸರು ಜಾನಿ ಯುನಿಟಸ್. ಐದನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ, ದುಡಿದು ಸಾಕಿದ ತಾಯಿಯ ಮಗ. ಮಾತು ಕಡಿಮೆ. ನಡಿಗೆ ಒಂದಿಷ್ಟು ಸೊಟ್ಟ. ಆಟ ನಡೆಸುವಷ್ಟು ಬುದ್ಧಿ ಇವನಿಗಿಲ್ಲವೆಂದು ಕೋಚ್ ವಾಲ್ಟ್ ಕೀಸ್ಲಿಂಗ್ ಭಾವಿಸಿದ್ದರಂತೆ. 1955ರ ಅಭ್ಯಾಸ ಪಂದ್ಯಗಳಲ್ಲಿ ಒಮ್ಮೆಯೂ ಅವನನ್ನು ಕಣಕ್ಕಿಳಿಸದೆ ಕೈಬಿಟ್ಟರು. ಯುನಿಟಸ್ ಕಟ್ಟಡ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಬ್ಲೂಮ್‌ಫೀಲ್ಡ್ ರ್‍ಯಾಮ್ಸ್ ಎಂಬ ಬಡಾವಣೆ ತಂಡದಲ್ಲಿ ಆಟಕ್ಕೆ ಆರು ಡಾಲರ್‌ನಂತೆ ಆಡಿದ.

ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ತಂಡದಲ್ಲಿ ಮೀಸಲು ಆಟಗಾರನ ಜಾಗ ಸಿಕ್ಕಿತು. ಮೊದಲಿಗ ಗಾಯಗೊಂಡಾಗ ಒಳಗೆ ಬಂದ ಯುನಿಟಸ್‌ನ ಮೊದಲ ಎಸೆತವನ್ನೇ ಎದುರಾಳಿ ಹಿಡಿದು ಓಡಿ ಟಚ್‌ಡೌನ್ ಮಾಡಿದ. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಈತ ಮರು ಯತ್ನಕ್ಕೆ ಏನೂ ಆಗಿಲ್ಲವೆಂಬಂತೆ ಹಡಲ್‌ಗೆ ಬಂದ.

1958ರ ಡಿಸೆಂಬರ್ 28, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ. ನ್ಯೂಯಾರ್ಕ್ ಜೈಂಟ್ಸ್ ವಿರುದ್ಧದ ಅಂತಿಮ ಪಂದ್ಯವನ್ನು ಟಿ.ವಿ.ಯಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನ ನೋಡಿದರು. ಜೈಂಟ್ಸ್ 17-14ರಿಂದ ಮುಂದಿತ್ತು. ಎರಡೇ ನಿಮಿಷದ ಆಟ ಉಳಿದಾಗ ಯುನಿಟಸ್ ತನ್ನದೇ ತುದಿಯ 14ನೇ ಗಜದಿಂದ ಹೊರಟ. ರೇಮಂಡ್ ಬೆರಿಗೆ ಸಾಲಾಗಿ ಮೂರು ಎಸೆತ, 62 ಗಜ. ಏಳು ಸೆಕೆಂಡು ಇರುವಾಗ ಒದೆತದಿಂದ ಅಂಕ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಅಂಕ ಗಳಿಸಿದವರೇ ವಿಜಯಿಗಳು. 80 ಗಜವನ್ನು ಯುನಿಟಸ್ 13 ಯತ್ನಗಳಲ್ಲಿ ಕ್ರಮಿಸಿದ. ಗುರಿ ಹತ್ತಿರವಾದಾಗ ಒಂದು ಒದೆತ ಗೆಲುವಿಗೆ ಸಾಕಿತ್ತು. ಆತ ಅಂಚಿನಲ್ಲಿದ್ದ ಜಿಮ್ ಮಚೆಲರ್‌ಗೆ ಚೆಂಡೆಸೆದ. ಮುಂದಿನ ಯತ್ನದಲ್ಲಿ ಅಲನ್ ಅಮೀಚಿ ಗೆರೆ ದಾಟಿದ. 23-17. ಆ ಎಸೆತ ಎದುರಾಳಿಯ ಕೈ ಸೇರಿದ್ದರೆ ಎಂದು ಕೇಳಿದ ಪತ್ರಕರ್ತರಿಗೆ, ತಾನೇನು ಮಾಡುತ್ತಿದ್ದೇನೆಂದು ತಿಳಿದವನ ಚೆಂಡು ಎದುರಾಳಿಗೆ ಸಿಗುವುದಿಲ್ಲ ಎಂಬರ್ಥದ ಉತ್ತರ ಬಂತು.

ಇದನ್ನು ಉಕ್ಕಿನ ನರ, ಹುಟ್ಟುಗುಣ ಎಂದೆಲ್ಲ ಕೊಂಡಾಡಿದರು. ಆದರೆ ಬೆರಿಗೆ ಎಸೆದ ಆ ಮೂರು ಎಸೆತಗಳ ಹಿಂದೆ ಬೇರೊಂದು ಸಂಗತಿಯಿತ್ತು. ತಂಡದ ಅಭ್ಯಾಸ ಮುಗಿದು ಉಳಿದವರು ಮನೆಗೆ ಹೋದ ಮೇಲೂ ಇವರಿಬ್ಬರು ಮೈದಾನದಲ್ಲೇ ಉಳಿದು ಒಂದೇ ಓಟ, ಒಂದೇ ಎಸೆತವನ್ನು ಮತ್ತೆ ಮತ್ತೆ ರೂಢಿಸಿಕೊಳ್ಳುತ್ತಿದ್ದರು. ಬೆರಿ ತಿರುಗುವ ಮೊದಲೇ ಚೆಂಡು ಯುನಿಟಸ್‌ನ ಕೈ ಬಿಟ್ಟಿರುತ್ತಿತ್ತು. ಮೈದಾನದಲ್ಲಿ ಕಂಡ ಶಾಂತತೆಯ ಬಹುಭಾಗ ಈ ದುಡಿಮೆಯಿಂದ ಬಂದದ್ದು. ಯುನಿಟಸ್‌ನ ಹಡಲ್‌ನಲ್ಲಿ ನಿಲ್ಲುವುದು ದೇವರ ಜೊತೆ ನಿಂತಂತೆ ಎಂದು ಮುಂದೆ ತಂಡ ಸೇರಿದ ಜಾನ್ ಮ್ಯಾಕಿ ಹೇಳಿದ್ದುಂಟು. ಆ ನಂಬಿಕೆ ಮೂಡಿದ್ದು ಭಾಷಣದಿಂದಲ್ಲ.

ಗ್ರೀನ್ ಬೇಯ ಸ್ಟಾರ್ ಕತೆಯೂ ಇದಕ್ಕೆ ದೂರದ್ದಲ್ಲ. ಅಮೆರಿಕದ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 1956ರ ಆ ಆಯ್ಕೆಯಲ್ಲಿ ಸ್ಟಾರ್‌ನ ಹೆಸರು ಬಂದದ್ದು 200ನೆಯದಾಗಿ. 1958ರಲ್ಲಿ ಪ್ಯಾಕರ್ಸ್ ಗೆದ್ದದ್ದು ಒಂದು ಪಂದ್ಯ, ಸೋತದ್ದು ಹತ್ತು. ಮರುವರ್ಷ ಬಂದ ಲೊಂಬಾರ್ಡಿ ಸಿಡಿಲಿನಂಥ ಮನುಷ್ಯ. ಅಭ್ಯಾಸದ ವೇಳೆ ಒಮ್ಮೆ ಎಲ್ಲರೆದುರು ಸ್ಟಾರ್‌ಗೆ ಬಾಯಿಗೆ ಬಂದಂತೆ ಬೈದರು. ಸ್ಟಾರ್ ಅಲ್ಲಿ ತುಟಿ ಬಿಚ್ಚಲಿಲ್ಲ. ಆಮೇಲೆ ಅವರ ಕೋಣೆಗೆ ಹೋಗಿ, ಬೈಗುಳ ಸಹಿಸಬಲ್ಲೆ, ಆದರೆ ಅದು ಈ ಕೋಣೆಯೊಳಗೆ ಇರಲಿ. ಎಲ್ಲರೆದುರು ನನ್ನನ್ನು ಕುಗ್ಗಿಸಿದರೆ ಅವರನ್ನು ನಾನು ಮುನ್ನಡೆಸುವುದು ಹೇಗೆ ಎಂದು ಕೇಳಿದ. ಲೊಂಬಾರ್ಡಿ ಒಪ್ಪಿದರು, ಮಾತಿನಂತೆ ನಡೆದುಕೊಂಡರು. 1961ರಿಂದ 1967ರವರೆಗೆ ಆ ತಂಡ ಐದು ಪ್ರಶಸ್ತಿ ಗೆದ್ದಿತು. ಗುಡುಗುವ ಕೋಚ್‌ಗೆ ತಣ್ಣನೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ್ದ ಎನ್ನುವುದು ವಾಡಿಕೆಯ ವಿವರಣೆ. ಆ ಕೋಣೆಯಲ್ಲಿ ನಡೆದದ್ದನ್ನು ನೋಡಿದರೆ ಸ್ಟಾರ್‌ನನ್ನು ತಣ್ಣನೆಯವನೆಂದಷ್ಟೇ ಕರೆಯುವುದು ಕಷ್ಟ.

ಕೋಚ್‌ಗಳಿಗೆಲ್ಲ ಒಬ್ಬ ಆಟಗಾರನ ಕೈಯಲ್ಲಿ ಇಷ್ಟು ಅಧಿಕಾರವಿರುವುದು ಹಿಡಿಸಿರಲಿಲ್ಲ. ಕ್ಲೀವ್‌ಲ್ಯಾಂಡ್‌ನ ಪಾಲ್ ಬ್ರೌನ್ ಪ್ರತಿ ಯತ್ನಕ್ಕೂ ಒಬ್ಬ ಆಟಗಾರನನ್ನು ಸಂದೇಶವಾಹಕನಂತೆ ಒಳಗೆ ಕಳಿಸಿ ತಂತ್ರ ತಿಳಿಸುತ್ತಿದ್ದರು. 1956ರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಶಿರಸ್ತ್ರಾಣದೊಳಗೆ ರೇಡಿಯೊ ಇಟ್ಟೂ ನೋಡಿದರು. ಲೀಗ್ ಅದನ್ನು ನಿಷೇಧಿಸಿತು. ಡಲ್ಲಾಸ್‌ನ ಟಾಮ್ ಲ್ಯಾಂಡ್ರಿ 1971ರಲ್ಲಿ ಇನ್ನೂ ಮುಂದೆ ಹೋದರು. ಕ್ರೇಗ್ ಮಾರ್ಟನ್, ರೋಜರ್ ಸ್ಟಾಬಾಕ್ ಇಬ್ಬರನ್ನೂ ಒಂದು ಯತ್ನಕ್ಕೆ ಒಬ್ಬನಂತೆ ಸರದಿಯಲ್ಲಿ ಆಡಿಸಿದರು. ತಂತ್ರ ಹೇಗೂ ತಮ್ಮದೇ, ಅದನ್ನು ಹೇಳುವ ಬಾಯಿ ಯಾರದಾದರೇನು ಎಂಬುದು ಎಣಿಕೆ. ಶಿಕಾಗೊ ಬೇರ್ಸ್ ಎದುರಿನ ಆ ಪಂದ್ಯವನ್ನು ಡಲ್ಲಾಸ್ 19-23ರಿಂದ ಸೋತಿತು. ಲ್ಯಾಂಡ್ರಿ ಪ್ರಯೋಗ ಕೈಬಿಟ್ಟು ಸ್ಟಾಬಾಕ್ ಒಬ್ಬನನ್ನೇ ಆರಿಸಿದರು. ತಂಡ ಅಲ್ಲಿಂದ ಸತತ ಹತ್ತು ಪಂದ್ಯ ಗೆದ್ದು ಸೂಪರ್ ಬೌಲ್ ಪ್ರಶಸ್ತಿ ಪಡೆಯಿತು. ಹೇಳುವ ಬಾಯಿ ಯಾರದು ಎಂಬುದು ಮುಖ್ಯ ಎನ್ನಲು ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು. ಶಿರಸ್ತ್ರಾಣದ ರೇಡಿಯೊ 1994ರಲ್ಲಿ ಮರಳಿ ಬಂತು. ಈಗ ತಂತ್ರ ಕೋಚ್‌ನದು, ದನಿ ಕ್ವಾರ್ಟರ್‌ಬ್ಯಾಕ್‌ನದು.

ಶಾಂತ ಸ್ವಭಾವಕ್ಕೆ ಎಲ್ಲರೂ ಉದಾಹರಿಸುವ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ತಂಡದ ಜೋ ಮೊಂಟಾನಾ. 1989ರ ಜನವರಿ 22ರ ಸೂಪರ್ ಬೌಲ್‌ನಲ್ಲಿ ತಂಡ 13-16ರಿಂದ ಹಿಂದಿದ್ದು, ಕೊನೆಯ ಮೂರು ನಿಮಿಷಗಳಲ್ಲಿ 92 ಗಜ ಸಾಗಬೇಕಿತ್ತು. ಆಗ ಆತ ಪ್ರೇಕ್ಷಕರ ಕಡೆ ಬೆರಳು ತೋರಿಸಿ, ಅಲ್ಲಿ ನಿಂತಿರುವುದು ನಟ ಜಾನ್ ಕ್ಯಾಂಡಿ ಅಲ್ಲವೇ ಎಂದು ಜೊತೆಗಾರನನ್ನು ಕೇಳಿದ. ಬಿಗಿದುಕೊಂಡಿದ್ದ ತಂಡ ಸಡಿಲಗೊಂಡಿತು. 34 ಸೆಕೆಂಡು ಉಳಿದಿರುವಾಗ ಗೆಲುವಿನ ಟಚ್‌ಡೌನ್ ಬಂತು. ಇಷ್ಟು ಎಲ್ಲರಿಗೂ ಗೊತ್ತು. ಅದೇ ಓಟದ ನಡುವೆ ಮೊಂಟಾನಾಗೆ ಉಸಿರು ಸಿಕ್ಕಿಕೊಂಡಂತಾಗಿ, ತಲೆ ಸುತ್ತಿ, ಚೆಂಡನ್ನು ಬೇಕೆಂದೇ ಹೊರಗೆಸೆಯಬೇಕಾಯಿತು ಎಂಬುದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಆ ಕ್ಷಣದ ಗಾಬರಿ ಹಡಲ್‌ವರೆಗೆ ತಲುಪದಂತೆ ನೋಡಿಕೊಂಡದ್ದೇ ಆತನ ಜಾಣ್ಮೆ.

ಬಣ್ಣದ ಅಳತೆಗೋಲು

ಲೇನ್‌ನ ಗದರಿಕೆ ಗೆದ್ದಿತು, ಯುನಿಟಸ್‌ನ ಮೌನ ಗೆದ್ದಿತು, ಮೊಂಟಾನಾನ ತಮಾಷೆ ಗೆದ್ದಿತು. ಹಾಗಿದ್ದೂ ನಾಯಕನ ಸ್ವಭಾವ ಇಂಥದೇ ಎಂದು ಮೊದಲೇ ಗುರುತಿಸಬಲ್ಲೆವೆಂಬ ಭ್ರಮೆ ತಂಡಗಳ ಯಜಮಾನರನ್ನು ಬಿಡಲಿಲ್ಲ. ಯುನಿಟಸ್ ವಿಷಯದಲ್ಲಿ ಆ ಲೆಕ್ಕ ತಪ್ಪಿದರೂ ಅವನಿಗೆ ಇನ್ನೊಂದು ಬಾಗಿಲು ತೆರೆಯಿತು. ಎಲ್ಲರಿಗೂ ಹಾಗೆ ತೆರೆಯಲಿಲ್ಲ.

1934ರಿಂದ 1945ರವರೆಗೆ ಈ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1946ರಲ್ಲಿ ಬಾಗಿಲು ತೆರೆದ ಮೇಲೂ ಅವರಿಗೆ ಸಿಕ್ಕಿದ್ದು ಓಡುವ, ಹಿಡಿಯುವ ಜಾಗಗಳು. ಯೋಚಿಸುವ, ಆಜ್ಞೆ ಕೊಡುವ ಮಧ್ಯದ ಸ್ಥಾನಗಳು ಬಿಳಿಯರಿಗೇ ಮೀಸಲು ಎಂಬಂತಿತ್ತು. ಸಮಾಜಶಾಸ್ತ್ರಜ್ಞರಾದ ಜಾನ್ ಲಾಯ್ ಮತ್ತು ಜೋಸೆಫ್ ಮೆಕೆಲ್ವೋಗ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕಪ್ಪು ಹುಡುಗ ವೃತ್ತಿಪರ ತಂಡಕ್ಕೆ ಬಂದರೆ ಸ್ಥಾನ ಬದಲಿಸಿಕೊಳ್ಳಬೇಕಿತ್ತು. ಬಣ್ಣದ ಹೆಸರೆತ್ತುವ ಅಗತ್ಯವೇ ಇರಲಿಲ್ಲ. ಒತ್ತಡದಲ್ಲಿ ತಲೆ ನಿಲ್ಲುವುದಿಲ್ಲ, ಬಿಳಿಯ ಜೊತೆಗಾರರು ಮಾತು ಕೇಳುವುದಿಲ್ಲ ಎಂದರೆ ಮುಗಿಯಿತು. ‘ನಾಯಕತ್ವದ ಗುಣ’ ಎಂಬ ಮಾತಿಗೆ ಇಂಥ ಉಪಯೋಗವೂ ಇತ್ತು.

ಮಾರ್ಲಿನ್ ಬ್ರಿಸ್ಕೊನ ಪ್ರಕರಣ ನೋಡಿ. 1968ರಲ್ಲಿ ಡೆನ್ವರ್ ಬ್ರಾಂಕೋಸ್ ಅವನನ್ನು ರಕ್ಷಣಾ ಆಟಗಾರನಾಗಿ ಆರಿಸಿತು. ಮೂರು ದಿನ ಕ್ವಾರ್ಟರ್‌ಬ್ಯಾಕ್ ಆಗಿ ಪರೀಕ್ಷಿಸಬೇಕೆಂಬ ಷರತ್ತನ್ನು ಆತ ಹಟ ಹಿಡಿದು ಒಪ್ಪಿಸಿದ್ದ. ಇದ್ದವರು ಗಾಯಗೊಂಡಾಗ ಅನಿವಾರ್ಯವಾಗಿ ಅವನನ್ನು ಆಡಿಸಬೇಕಾಯಿತು. ಮೊದಲ ವರ್ಷವೇ ಆತ 14 ಟಚ್‌ಡೌನ್ ಎಸೆತಗಳನ್ನು ಎಸೆದ. ಮರುವರ್ಷ ಕ್ವಾರ್ಟರ್‌ಬ್ಯಾಕ್‌ಗಳ ಸಭೆ ತನ್ನನ್ನು ಕರೆಯದೆಯೇ ನಡೆಯುತ್ತಿರುವುದು ಅವನಿಗೆ ಗೊತ್ತಾಯಿತು. ಬೇರೆ ತಂಡಕ್ಕೆ ಹೋಗಿ ಚೆಂಡು ಹಿಡಿಯುವವನಾದ. ಅದರಲ್ಲೂ ಮಿಂಚಿ, ಮಯಾಮಿ ತಂಡದೊಂದಿಗೆ ಎರಡು ಸೂಪರ್ ಬೌಲ್ ಗೆದ್ದ. ಮತ್ತೆ ಕ್ವಾರ್ಟರ್‌ಬ್ಯಾಕ್ ಆಗಲಿಲ್ಲ. ವಾರನ್ ಮೂನ್ ಸ್ಥಾನ ಬದಲಿಸಲು ಒಪ್ಪದೆ 1978ರಲ್ಲಿ ಕೆನಡಾಕ್ಕೆ ಹೋಗಿ, ಎಡ್ಮಂಟನ್ ತಂಡಕ್ಕೆ ಸತತ ಐದು ಪ್ರಶಸ್ತಿ ತಂದುಕೊಟ್ಟ ಮೇಲೆಯೇ ಸ್ವದೇಶದ ತಂಡಗಳು ಅವನ ಹಿಂದೆ ಬಿದ್ದವು.

ಅದೇ 1978ರಲ್ಲಿ ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಕಪ್ಪು ವಿದ್ಯಾರ್ಥಿಗಳ ವಿಶ್ವವಿದ್ಯಾಲಯದಿಂದ ಬಂದ ಡಗ್ ವಿಲಿಯಮ್ಸ್‌ನನ್ನು ಟ್ಯಾಂಪಾ ಬೇ ತಂಡ ಮೊದಲ ಸುತ್ತಿನಲ್ಲೇ ಆರಿಸಿತು. ಹುಟ್ಟಿದ ಮೇಲೆ ಸತತ 26 ಪಂದ್ಯ ಸೋತಿದ್ದ ತಂಡ ಅದು. ವಿಲಿಯಮ್ಸ್ ಅದನ್ನು ಐದು ವರ್ಷಗಳಲ್ಲಿ ಮೂರು ಬಾರಿ ಅಂತಿಮ ಸುತ್ತುಗಳಿಗೆ ಒಯ್ದ. ಅವನ ವಾರ್ಷಿಕ ಸಂಬಳ 1,20,000 ಡಾಲರ್. ಲೀಗ್‌ನ ಎಷ್ಟೋ ಮೀಸಲು ಕ್ವಾರ್ಟರ್‌ಬ್ಯಾಕ್‌ಗಳು ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದರು. ಹೆಚ್ಚಿಗೆ ಕೇಳಿದ, ಕೊಡಲಿಲ್ಲ, ತಂಡ ಬಿಟ್ಟ. 1983ರ ಏಪ್ರಿಲ್‌ನಲ್ಲಿ ಮೆದುಳಿನ ಗಡ್ಡೆಯಿಂದ ಹೆಂಡತಿ ತೀರಿಕೊಂಡಳು. ಕೈಯಲ್ಲಿ ಎಳೆಗೂಸು. ಅವನಿಲ್ಲದ ಟ್ಯಾಂಪಾ ಬೇ ಆ ವರ್ಷ 16ರಲ್ಲಿ 14 ಪಂದ್ಯ ಸೋತಿತು.

ಹೊಸದೊಂದು ಲೀಗ್‌ನಲ್ಲಿ ಆಡಿ, ಅದೂ ಮುಚ್ಚಿಹೋದ ಮೇಲೆ 1986ರಲ್ಲಿ ವಾಷಿಂಗ್ಟನ್ ತಂಡ ಅವನನ್ನು ಮೀಸಲು ಆಟಗಾರನಾಗಿ ಕರೆಯಿತು. ಕೋಚ್ ಜೋ ಗಿಬ್ಸ್ ಟ್ಯಾಂಪಾ ಬೇ ದಿನಗಳಿಂದ ಅವನನ್ನು ಬಲ್ಲವರು. ಆ ಇಡೀ ವರ್ಷ ವಿಲಿಯಮ್ಸ್‌ಗೆ ಎಸೆಯಲು ಸಿಕ್ಕಿದ್ದು ಒಂದೇ ಒಂದು ಚೆಂಡು. 1987ರಲ್ಲಿ ಎರಡು ಪಂದ್ಯ ಆರಂಭಿಸಿದ, ಎರಡನ್ನೂ ತಂಡ ಸೋತಿತು. ಆದರೂ ಅಂತಿಮ ಸುತ್ತುಗಳಿಗೆ ಗಿಬ್ಸ್ ಅವನನ್ನೇ ಆರಿಸಿದರು. ಅಂಕಿಅಂಶ ನೋಡಿದರೆ ಅರ್ಥವಾಗದ ಆಯ್ಕೆ. ತಂಡ ಅವನ ಮಾತನ್ನು ಹೇಗೆ ಕೇಳುತ್ತದೆ ಎಂಬುದನ್ನು ನೋಡಿದವರಿಗೆ ಅರ್ಥವಾಗುವ ಆಯ್ಕೆ.

1988ರ ಜನವರಿ 31, ಸ್ಯಾನ್ ಡಿಯಾಗೊ. ಸೂಪರ್ ಬೌಲ್‌ನಲ್ಲಿ ಆಟ ಆರಂಭಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ವಿಲಿಯಮ್ಸ್. ವಾರವಿಡೀ ಪತ್ರಕರ್ತರು ಕೇಳಿದ್ದು ಆಟದ ಬಗ್ಗೆಗಿಂತ ಬಣ್ಣದ ಬಗ್ಗೆಯೇ ಹೆಚ್ಚು. ಹಿಂದಿನ ದಿನ ಹಲ್ಲಿನ ಬೇರಿನ ಚಿಕಿತ್ಸೆ ಬೇರೆ ಆಗಿತ್ತು. ಆಟ ಶುರುವಾದರೆ ಮೊದಲ ಕಾಲು ಭಾಗದಲ್ಲೇ ಡೆನ್ವರ್ 10-0ರಿಂದ ಮುಂದೆ. ಅಷ್ಟರಲ್ಲಿ ವಿಲಿಯಮ್ಸ್ ಕಾಲು ಜಾರಿ, ಮಂಡಿ ತಿರುಚಿ ನೆಲಕ್ಕೆ ಬಿದ್ದ. ಒತ್ತಡದಲ್ಲಿ ಇವರ ತಲೆ ನಿಲ್ಲುವುದಿಲ್ಲ ಎಂದು ದಶಕಗಳಿಂದ ಹೇಳುತ್ತ ಬಂದವರಿಗೆ ಇದಕ್ಕಿಂತ ಅನುಕೂಲದ ಗಳಿಗೆ ಬೇಕಿರಲಿಲ್ಲ.

ಎರಡು ಯತ್ನಗಳಷ್ಟು ಹೊತ್ತು ಹೊರಗಿದ್ದು ಕುಂಟುತ್ತಲೇ ಆತ ಹಡಲ್‌ಗೆ ಮರಳಿದ. ಎರಡನೇ ಕಾಲು ಭಾಗ ಶುರುವಾಗುತ್ತಿದ್ದಂತೆ ರಿಕಿ ಸ್ಯಾಂಡರ್ಸ್‌ಗೆ ಎಸೆದ ಚೆಂಡು 80 ಗಜದ ಟಚ್‌ಡೌನ್ ಆಯಿತು. ಬಳಿಕ ಗ್ಯಾರಿ ಕ್ಲಾರ್ಕ್‌ಗೆ 27 ಗಜ. ಟಿಮ್ಮಿ ಸ್ಮಿತ್‌ನ 58 ಗಜದ ಓಟ. ಮತ್ತೆ ಸ್ಯಾಂಡರ್ಸ್‌ಗೆ 50 ಗಜ, ಕ್ಲಿಂಟ್ ಡಿಡಿಯರ್‌ಗೆ ಎಂಟು. ಆ 15 ನಿಮಿಷಗಳ ಅವಧಿಯಲ್ಲಿ, 18 ಯತ್ನಗಳಲ್ಲಿ ವಾಷಿಂಗ್ಟನ್ 35 ಅಂಕ ಗಳಿಸಿತು. ಐದು ಟಚ್‌ಡೌನ್‌ಗಳಲ್ಲಿ ನಾಲ್ಕು ವಿಲಿಯಮ್ಸ್‌ನ ಎಸೆತಗಳು. ಕೊನೆಗೆ 42-10. ಒಟ್ಟು 340 ಗಜ ಎಸೆದ ಆತನೇ ಪಂದ್ಯದ ಶ್ರೇಷ್ಠ ಆಟಗಾರ.

ಒಂದು ಪಂದ್ಯದಿಂದ ಅಳತೆಗೋಲು ಬದಲಾಗಲಿಲ್ಲ. ವಿಲಿಯಮ್ಸ್ ಗಾಯಗಳಿಂದ ಬಳಲಿ 1990ರ ಹೊತ್ತಿಗೆ ಲೀಗ್‌ನಿಂದ ಹೊರಬಿದ್ದ. 1998ರಲ್ಲಿ ತನ್ನ ಗುರು ಎಡ್ಡಿ ರಾಬಿನ್‌ಸನ್ ಅವರ ಜಾಗದಲ್ಲಿ ಗ್ರ್ಯಾಂಬ್ಲಿಂಗ್‌ನ ಕೋಚ್ ಆದ. ಮೂನ್ 2006ರಲ್ಲಿ ಕ್ರೀಡೆಯ ಗೌರವಶಾಲೆಗೆ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು ಆಟ ಆರಂಭಿಸಿದ ಮೊದಲ ಸೂಪರ್ ಬೌಲ್ ನಡೆದದ್ದು 2023ರ ಫೆಬ್ರವರಿ 12ರಂದು. ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್. ಸ್ವಭಾವದಲ್ಲಿ ಅಜಗಜಾಂತರ: ಒಬ್ಬ ಕೇಕೆ ಹಾಕಿ ಜೊತೆಗಾರರನ್ನು ಹುರಿದುಂಬಿಸುವವನು, ಇನ್ನೊಬ್ಬ ಗೆದ್ದರೂ ಸೋತರೂ ಮುಖಭಾವ ಬದಲಿಸದವನು. ಅಂದು 38-35ರಿಂದ ಮಹೋಮ್ಸ್ ಗೆದ್ದ. 2025ರ ಫೆಬ್ರವರಿಯಲ್ಲಿ ಇಬ್ಬರೂ ಮತ್ತೆ ಎದುರಾದಾಗ 40-22ರಿಂದ ಹರ್ಟ್ಸ್ ಗೆದ್ದ.

ಮಾರ್ಲಿನ್ ಬ್ರಿಸ್ಕೊ ಈ ಎರಡೂ ಪಂದ್ಯಗಳನ್ನು ನೋಡಲಿಲ್ಲ. ಆತ ತೀರಿಕೊಂಡದ್ದು 2022ರ ಜೂನ್‌ನಲ್ಲಿ.